ಕನಿಷ್ಠ ಇಬ್ಬರಿಗೆ

ನಮ್ಮ ಪುರವಣಿಗಳಲ್ಲಿ, ಪ್ರವಾಸ ಕಥನಗಳಲ್ಲಿ ಪಾಯೆಯಾ ಕಾಣಿಸಿಕೊಂಡಾಗಲೆಲ್ಲ ಅದರ ಬೆನ್ನಿಗೇ ಒಂದು ಬಿರುದು ಬರುತ್ತದೆ: ಸ್ಪೇನಿನ ಬಿರಿಯಾನಿ. ಅಕ್ಕಿ ಇದೆ, ಮಾಂಸ ಇದೆ, ಕೇಸರಿ ಇದೆ, ಅರಬರ ನಂಟೂ ಇದೆ, ಇನ್ನೇನು ಬೇಕು ಎಂಬ ಧಾಟಿ. ಬರೆದವರ ಉದ್ದೇಶ ಒಳ್ಳೆಯದೇ. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಮೂಲಕ ಹೇಳುವುದು. ಆದರೆ ಆ ಒಂದು ಮಾತು ಓದುಗರ ನಾಲಗೆಯನ್ನು ತಪ್ಪು ದಾರಿಗೆ ಹಚ್ಚುತ್ತದೆ. ಬಿರಿಯಾನಿ ಬರುತ್ತದೆಂದು ಕಾದು ಕೂತವರಿಗೆ ಪಾಯೆಯಾ ಮಸಾಲೆ ಸಾಲದ, ಪರಿಮಳ ಕಮ್ಮಿಯಾದ, ಅಳತೆಯಲ್ಲಿ ಜಿಪುಣತನ ತೋರಿಸಿದ, ಸಾಲದ್ದಕ್ಕೆ ತಳ ಹತ್ತಿದ ಅನ್ನವಾಗಿಯೇ ಕಾಣುತ್ತದೆ. ಆ ಊಟದ ಬಗ್ಗೆ ಆಮೇಲೆ ಅವರು ಬರೆಯುವುದೂ ಅದನ್ನೇ.

ಹೊರಗಿನ ವಿಮರ್ಶಕರ ಅನ್ಯಾಯ ಬೇರೆ ಬಗೆಯದು. ಕಾಲು ಶತಮಾನದಿಂದ ಅವರಿಗೆ ಸ್ಪೇನಿನ ಊಟ ಎಂದರೆ ಎಲ್ ಬುಲ್ಲಿ. ಕತಲೂನ್ಯಾ ಕರಾವಳಿಯ ರೋಸಸ್ ಊರಿನ ಹತ್ತಿರ ಇದ್ದ ಆ ರೆಸ್ಟೋರೆಂಟನ್ನು ಬ್ರಿಟನ್ನಿನ ಒಂದು ಪತ್ರಿಕೆ 2002ರಲ್ಲೊಮ್ಮೆ, ಮತ್ತೆ 2006ರಿಂದ 2009ರವರೆಗೆ ಸತತವಾಗಿ, ಜಗತ್ತಿನ ಮೊದಲ ಸ್ಥಾನದಲ್ಲಿ ಕೂರಿಸಿತು. 2011ರಲ್ಲಿ ಅದರ ಬಾಣಸಿಗ ಫೆರಾನ್ ಆದ್ರಿಯಾ ಬಾಗಿಲು ಮುಚ್ಚಿದ ಮೇಲೂ ಪ್ರಭಾವಳಿ ಕರಗಲಿಲ್ಲ. ತರಕಾರಿಯ ರಸವನ್ನು ನೊರೆಯಾಗಿಸಿದ, ಆಲಿವ್ ರಸಕ್ಕೆ ತೆಳುಪೊರೆ ತೊಡಿಸಿ ಗುಂಡಗೆ ಚಮಚದಲ್ಲಿಟ್ಟ ಆ ಪ್ರತಿಭೆ ದೊಡ್ಡದು, ತಕರಾರಿಲ್ಲ. ತಕರಾರು ಇರುವುದು ಅದರ ಸುತ್ತ ಬೆಳೆದ ಬರವಣಿಗೆಯ ಬಗ್ಗೆ. ಅಡುಗೆಯಲ್ಲಿ ಯೋಚನೆ ಎನ್ನುವುದು ಪ್ರಯೋಗಶಾಲೆಯಲ್ಲಿ ಹುಟ್ಟುತ್ತದೆ, ಗದ್ದೆ ಬದುವಿನಲ್ಲಿ ಇರುವುದು ಬರೀ ರೂಢಿ ಎಂಬ ತೀರ್ಪು ಆ ಬರಹಗಳ ಅಡಿಯಲ್ಲಿ ಹರಿಯುತ್ತದೆ. ತಪಾಸ್ ಹೊಗಳುವವರದು ಇನ್ನೊಂದು ಪಂಗಡ. ನಿಂತುಕೊಂಡು ಚೂರುಚೂರು ತಿನ್ನುತ್ತ ಬಾರಿನಿಂದ ಬಾರಿಗೆ ನಡೆಯುವ ಸಂಜೆಯೇ ಸ್ಪೇನು ಎಂದು ಅವರು ಜಗತ್ತನ್ನು ನಂಬಿಸಿದ್ದಾರೆ. ಈ ಎರಡು ಪಂಗಡಗಳ ನಡುವೆ, ಮಧ್ಯಾಹ್ನ ಕೂತು ಉಣ್ಣುವ ಸ್ಪೇನಿಗೆ ಓದುಗರೇ ಸಿಗದಂತಾಗಿದೆ.

ಪಾಯೆಯಾ ಬಡಪಾಯಿ ರೂಢಿಯಲ್ಲ. ಅದಕ್ಕೊಂದು ರಚನೆ ಇದೆ, ಆ ರಚನೆಗೆ ಕಾರಣಗಳಿವೆ. ಒಂದು ಭಾಗವನ್ನು ಅಲ್ಲಾಡಿಸಿದರೆ ಮಿಕ್ಕ ಭಾಗಗಳೆಲ್ಲ ಸಡಿಲವಾಗುತ್ತವೆ. ಆ ರಚನೆಯ ಕೀಲು ಇರುವುದು ಪದಾರ್ಥಗಳ ಪಟ್ಟಿಯಲ್ಲಲ್ಲ. ವಲೆನ್ಸಿಯಾ ಸೀಮೆಯ ರೆಸ್ಟೋರೆಂಟುಗಳ ಮೆನುವಿನಲ್ಲಿ ಅನ್ನದ ವಿಭಾಗದ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಒಂದು ಸಾಲಿನಲ್ಲಿ. ಕನಿಷ್ಠ ಇಬ್ಬರಿಗೆ, ಎನ್ನುತ್ತದೆ ಆ ಸಾಲು. ಒಬ್ಬರಿಗಾಗಿ ಮಾಡುವುದಿಲ್ಲ. ಪ್ರವಾಸಿಗರು ಅದನ್ನು ವ್ಯಾಪಾರದ ಕಟ್ಟಳೆ ಎಂದು ಓದಿ ಮುಖ ಸಿಂಡರಿಸುತ್ತಾರೆ. ನಾನು ಅದನ್ನು ಈ ಅಡುಗೆಯ ಬಗ್ಗೆ ಬರೆದಿರುವ ಎಲ್ಲ ವಾಕ್ಯಗಳಲ್ಲಿ ಅತ್ಯಂತ ನಿಖರವಾದ ವಾಕ್ಯ ಎಂದು ಓದುತ್ತೇನೆ. ಯಾಕೆ ಎನ್ನುವುದಕ್ಕೆ ಬಾಣಲೆಯ ಹತ್ತಿರ ಹೋಗಬೇಕು.

ಬಿರಿಯಾನಿಯ ತತ್ವ ಆಳ. ಎತ್ತರದ ಡಬರಿ, ಬಿಗಿದ ಮುಚ್ಚಳ, ಹೊರಗೆ ಹೋಗದ ಹಬೆ. ಪರಿಮಳ ಕೆಳಗಿನಿಂದ ಪದರ ಪದರವಾಗಿ ಮೇಲೇರಿ ಉದ್ದನೆಯ ಅಕ್ಕಿಯ ಮೈಗೆ ಹತ್ತಬೇಕು, ಬಡಿಸುವಾಗ ಅಗಳುಗಳು ಒಂದಕ್ಕೊಂದು ಅಂಟದೆ ಉದುರಬೇಕು. ಪಾಯೆಯಾದಲ್ಲಿ ಇದರಲ್ಲಿ ಒಂದೂ ಇಲ್ಲ. ಅದರ ಪಾತ್ರೆ ಅಗಲವಾದ, ಆಳವಿಲ್ಲದ, ಓರೆ ಅಂಚಿನ, ಎರಡು ಹಿಡಿಗಳ ಉಕ್ಕಿನ ಬಾಣಲೆ. ಅದಕ್ಕೆ ಮುಚ್ಚಳವೇ ಇರುವುದಿಲ್ಲ. ನೀರು ಆವಿಯಾಗಿ ಹೋಗಬೇಕು, ಬೇಗ ಹೋಗಬೇಕು, ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಹೋಗಬೇಕು. ಅದಕ್ಕೇ ಬಾಣಲೆ ಒಲೆಯ ಮೇಲೆ ಕೂತಾಗ ಅದರ ಮಟ್ಟ ನೋಡುತ್ತಾರೆ. ಒಂದು ಬದಿ ಎರಡು ಕೂದಲೆಳೆ ತಗ್ಗಿದರೂ ಎಣ್ಣೆ ಅತ್ತ ಹರಿದು ಇತ್ತ ಅನ್ನ ಒಣಗುತ್ತದೆ. ವಲೆನ್ಸಿಯಾದ ಒಳನಾಡಿನ ಕ್ರಮದಲ್ಲಿ ಮೊದಲು ಆಲಿವ್ ಎಣ್ಣೆಯಲ್ಲಿ ಕೋಳಿ ಮತ್ತು ಮೊಲದ ತುಂಡುಗಳು ಚೆನ್ನಾಗಿ ಕೆಂಪಗಾಗುವ ತನಕ ಬೇಯುತ್ತವೆ. ಇಲ್ಲಿ ಅವಸರಪಟ್ಟವರಿಗೆ ಮುಂದೆ ರುಚಿ ಸಿಗುವುದಿಲ್ಲ, ಯಾಕೆಂದರೆ ಬೇರೆ ಮಸಾಲೆ ಇಲ್ಲ. ಈ ಕೆಂಪೇ ಮಸಾಲೆ. ಆಮೇಲೆ ಚಪ್ಪಟೆ ಹುರುಳಿಕಾಯಿ, ಗರ್ರೊಫೋ ಎಂಬ ದೊಡ್ಡ ಬಿಳಿಯ ಕಾಳು, ತುರಿದ ಟೊಮ್ಯಾಟೊ. ಒಂದು ಚಿಟಿಕೆ ಕೆಂಪು ಮೆಣಸಿನ ಪುಡಿ ಬಿದ್ದ ಮರುಕ್ಷಣ ನೀರು, ಇಲ್ಲದಿದ್ದರೆ ಪುಡಿ ಸೀದು ಕಹಿಯಾಗುತ್ತದೆ. ನೀರಿನ ಅಳತೆಗೆ ಹಿಡಿಗಳನ್ನು ಬಿಗಿದ ರಿವೆಟ್ಟಿನ ಮಟ್ಟವೇ ಗುರುತು. ಎಸರು ಅರ್ಧ ಗಂಟೆ ಕುದಿದು ತಾನೇ ಸಾರಾಗುತ್ತದೆ. ಕೇಸರಿ, ಉಪ್ಪು, ಮನಸ್ಸಿದ್ದರೆ ಒಂದು ಎಸಳು ರೋಸ್‌ಮರಿ. ಕೊನೆಗೆ ಅಕ್ಕಿ. ಅದನ್ನು ಬಾಣಲೆಯ ಈ ಕೊನೆಯಿಂದ ಆ ಕೊನೆಗೆ ನೀರಿನ ಮೇಲೆ ಕೊಂಚ ಕಾಣುವಂತೆ ಬದು ಕಟ್ಟಿದ ಹಾಗೆ ಸುರಿದು, ಆ ಬದುವನ್ನು ಒಮ್ಮೆ ಎಲ್ಲ ಕಡೆಗೂ ಹರಡುತ್ತಾರೆ.

ಅಲ್ಲಿಂದಾಚೆಗೆ ಯಾರೂ ಸಟ್ಟುಗ ಮುಟ್ಟುವಂತಿಲ್ಲ.

ಪಾಯೆಯಾದ ಕಲೆ ಇರುವುದು ಈ ಮುಟ್ಟದಿರುವುದರಲ್ಲಿ. ಇಟಲಿಯವರು ರಿಸೊಟ್ಟೊವನ್ನು ಬಿಡದೆ ತಿರುವುತ್ತಾರೆ. ತಿರುವಿದಷ್ಟೂ ಅಕ್ಕಿಯ ಮೈಯ ಪಿಷ್ಟ ಉಜ್ಜಿ ಬಿಟ್ಟುಕೊಂಡು ಸಾರು ದಪ್ಪವಾಗುತ್ತದೆ. ವಲೆನ್ಸಿಯಾದವರಿಗೆ ಆ ಗಂಜಿಯ ನಯ ಬೇಡ. ಅಕ್ಕಿ ಬಿದ್ದ ಮೇಲಿನ ಹದಿನೆಂಟು ಇಪ್ಪತ್ತು ನಿಮಿಷ ಅಡುಗೆ ಮಾಡುವವರಿಗೆ ಉಳಿದಿರುವ ಉಪಕರಣ ಉರಿ ಒಂದೇ. ಮೊದಲ ಅರ್ಧ ಜೋರು, ಆಮೇಲೆ ಸಣ್ಣ, ಕಟ್ಟಕಡೆಗೆ ಮತ್ತೊಮ್ಮೆ ಜೋರು. ಕಿತ್ತಳೆ ಮರದ ಸೌದೆಯಾದರೆ ಆ ಏರಿಳಿತವನ್ನು ಸೌದೆ ಎಳೆದು, ತಳ್ಳಿ, ಕೆಂಡ ಹರಡಿ ಸಾಧಿಸಬೇಕು. ಅಕ್ಕಿಯ ತಳಿಯ ಆಯ್ಕೆಯೂ ಇದೇ ಧೈರ್ಯದ ಲೆಕ್ಕ. ಬೋಂಬಾ ಎಂಬ ತಳಿ ದುಬಾರಿ, ಆದರೆ ತಾಳಿಕೊಳ್ಳುತ್ತದೆ. ಒಂದೆರಡು ನಿಮಿಷ ಹೆಚ್ಚುಕಮ್ಮಿಯಾದರೂ ಬಿರಿಯುವುದಿಲ್ಲ. ಸೆನಿಯಾ ಸಾರಿನ ರುಚಿಯನ್ನು ಅದಕ್ಕಿಂತ ಚೆನ್ನಾಗಿ ಹೀರುತ್ತದೆ, ಆದರೆ ಹದ ಮೀರಿದರೆ ಕ್ಷಮಿಸುವುದಿಲ್ಲ. ಹೊರದೇಶದ ಪಾಕಪುಸ್ತಕಗಳು ಒಕ್ಕೊರಲಿನಿಂದ ಬೋಂಬಾ ಎನ್ನುತ್ತವೆ. ಅಲ್ಬುಫೇರಾ ಸರೋವರದ ಸುತ್ತ ಗದ್ದೆ ಮಾಡುವವರ ಮನೆಗಳಲ್ಲಿ ಸೆನಿಯಾಕ್ಕೆ, ಅದರ ಸೋದರ ತಳಿ ಬಾಹಿಯಾಕ್ಕೆ ಇರುವ ಮಾನ ಬೇರೆ. ನನ್ನ ಮತ ಗದ್ದೆಯವರ ಕಡೆಗೆ.

ಈಗ ಆ ಕೊನೆಯ ಜೋರು ಉರಿ. ಬಾಣಲೆಯಲ್ಲಿ ನೀರು ಇರುವಷ್ಟು ಹೊತ್ತು ತಳದ ಅನ್ನದ ಬಿಸಿ ನೂರು ಡಿಗ್ರಿಯನ್ನು ದಾಟಲಾರದು. ನೀರು ಮುಗಿಯಿತೋ, ಉಳಿಯುವುದು ಮಾಂಸ ಬಿಟ್ಟ ಕೊಬ್ಬು ಮತ್ತು ಎಣ್ಣೆ. ಆಗ ಬಿಸಿ ಸರ್ರನೆ ಏರುತ್ತದೆ, ಕೆಳಗಿನ ಒಂದು ಪದರದ ಅಗಳು ಬೇಯುವುದನ್ನು ಬಿಟ್ಟು ಹುರಿಯಲು ಶುರುವಾಗುತ್ತದೆ. ಕಣ್ಣಿಗೆ ಅದು ಕಾಣುವುದಿಲ್ಲ. ಮೇಲೆ ಅನ್ನ ಮುಚ್ಚಿಕೊಂಡಿದೆ. ಕಿವಿಗೆ ಕೇಳುತ್ತದೆ: ಕೊತಕೊತ ನಿಂತು ಚಟಪಟ ಶುರುವಾಗುತ್ತದೆ. ಮೂಗಿಗೆ ಹುರಿದ ವಾಸನೆ ಬರುತ್ತದೆ. ಆ ವಾಸನೆ ಸೀದ ವಾಸನೆಯಾಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಸೊಕರ್ರಾತ್ ಎನ್ನುವ ಆ ಕಂದು ಪದರಕ್ಕಾಗಿ ವಲೆನ್ಸಿಯಾದ ಮನೆಗಳಲ್ಲಿ ಪೈಪೋಟಿ ನಡೆಯುತ್ತದೆ. ನಮ್ಮಲ್ಲೂ ತಳ ಹತ್ತಿದ ಅನ್ನ ಕೆರೆದು ತಿನ್ನುವ ಮಕ್ಕಳಿದ್ದಾರೆ. ಆದರೆ ನಮಗೆ ಅದು ಕೈತಪ್ಪಿನ ಫಲ, ಅವರಿಗೆ ಇಡೀ ರಚನೆಯ ಗುರಿ. ಈ ವ್ಯತ್ಯಾಸ ಗೊತ್ತಿಲ್ಲದೆ ಅದನ್ನು ದೋಷ ಎಂದು ಬರೆದ ಪ್ರವಾಸ ಕಥನ ಓದಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಸೊಕರ್ರಾತ್ ಗುರಿಯಾದರೆ ಅನ್ನ ತೆಳ್ಳಗಿರಲೇಬೇಕು. ಒಂದು ಬೆರಳಿನ ದಪ್ಪ ಮೀರಿದರೆ ಮೇಲಿನ ಅಗಳು ಬೇಯುವಷ್ಟರಲ್ಲಿ ಕೆಳಗಿನದು ಹೋಗಿರುತ್ತದೆ, ಅಥವಾ ಕೆಳಗಿನದನ್ನು ಉಳಿಸಲು ಹೋಗಿ ಹುರಿಯುವುದೇ ನಿಲ್ಲುತ್ತದೆ. ದಕ್ಷಿಣಕ್ಕೆ ಅಲಿಕಾಂತೆಯ ಕಡೆ ಹೋದರೆ ಇನ್ನೂ ತೆಳು. ಪಿನೋಸೋ ಊರಿನ ಪಾಕೊ ಗಾಂದಿಯಾ ರೆಸ್ಟೋರೆಂಟಿನಲ್ಲಿ ದ್ರಾಕ್ಷಿ ಬಳ್ಳಿಯ ಒಣಕಡ್ಡಿಯ ಉರಿಯಲ್ಲಿ ಮಾಡುವ ಮೊಲ ಮತ್ತು ಬಸವನಹುಳುವಿನ ಅನ್ನ ಹೆಸರಾಗಿರುವುದೇ ಆ ತೆಳುವಿಗೆ. ಅಂದರೆ ಜನ ಹೆಚ್ಚಾದರೆ ಅನ್ನ ಮೇಲಕ್ಕೆ ಏರುವಂತಿಲ್ಲ, ಬಾಣಲೆಯೇ ಅಗಲವಾಗಬೇಕು. ವ್ಯಾಸ ಎರಡರಷ್ಟಾದರೆ ಹರವು ನಾಲ್ಕರಷ್ಟು. ಆದ್ದರಿಂದ ಇಬ್ಬರ ಬಾಣಲೆಗೂ ಎಂಟು ಜನರ ಬಾಣಲೆಗೂ ಅಗಲದಲ್ಲಿ ಇರುವ ಅಂತರ ಎರಡರಷ್ಟು ಮಾತ್ರ. ಇದನ್ನೇ ಕೆಳಮುಖವಾಗಿ ನೋಡಿ. ಬಾಣಲೆ ಸಣ್ಣದಾಗುತ್ತ ಹೋದಂತೆ ನಡುವಿಗಿಂತ ಅಂಚಿನ ಪಾಲು ಹೆಚ್ಚುತ್ತದೆ. ಅಂಚಿನಲ್ಲಿ ಬೇಯುವ ರೀತಿ ಬೇರೆ, ನಡುವೆ ಬೇಯುವ ರೀತಿ ಬೇರೆ. ಒಬ್ಬರ ಬಾಣಲೆ ಎಂದರೆ ಹೆಚ್ಚುಕಡಿಮೆ ಬರೀ ಅಂಚು. ಇಬ್ಬರಿಗೆ ಇಳಿಯುವ ತನಕ ಈ ರೂಪ ತಾಳಿಕೊಳ್ಳುತ್ತದೆ, ಅದಕ್ಕಿಂತ ಕೆಳಗೆ ಬಿರುಕು ಬಿಡುತ್ತದೆ. ಒಂದು ಬಾಣಲೆಗೆ ಇಪ್ಪತ್ತು ನಿಮಿಷ ಒಂದು ಒಲೆ ಮುಡಿಪಾಗಿರಬೇಕು ಎಂಬ ವ್ಯಾಪಾರದ ಕಾರಣವೂ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಮೊದಲ ಕಾರಣ ರೂಪದ್ದು.

ಇನ್ನೊಂದು ಪರಿಣಾಮವನ್ನು ಯಾರೂ ಗಮನಿಸಿ ಬರೆದದ್ದನ್ನು ನಾನು ಕಂಡಿಲ್ಲ. ತಿರುವದೆ ಬೇಯಿಸಿದ ಅನ್ನ ಎಲ್ಲ ಕಡೆ ಒಂದೇ ರುಚಿಯಾಗಿರುವುದಿಲ್ಲ. ಮೊಲದ ತೊಡೆ ಬಿದ್ದ ಜಾಗದ ಸುತ್ತ ಒಂದು ರುಚಿ, ಕಾಳುಗಳು ಒತ್ತಾದ ಕಡೆ ಇನ್ನೊಂದು, ಅಂಚಿನ ಓರೆಗೆ ಅಂಟಿದ್ದು ಮತ್ತೊಂದು. ಬಿರಿಯಾನಿಯನ್ನು ಬಡಿಸುವವರು ಪದರಗಳು ಎಲ್ಲರಿಗೂ ಸಿಗುವ ಹಾಗೆ ಮೇಲಿನಿಂದ ಕೆಳಗೆ ಸೀಳಿ ತೆಗೆಯುತ್ತಾರೆ. ಪಾಯೆಯಾದಲ್ಲಿ ವ್ಯತ್ಯಾಸ ಅಡ್ಡಡ್ಡ ಹರಡಿದೆ. ಹಾಗಾಗಿ ಯಾರು ಎಲ್ಲಿ ಕೂತರು ಎಂಬುದು ಅವರು ಏನು ಉಂಡರು ಎಂಬುದನ್ನು ತೀರ್ಮಾನಿಸುತ್ತದೆ.

ವಲೆನ್ಸಿಯಾದಲ್ಲಿ ಕೆಲಸದಲ್ಲಿರುವ ಗೆಳತಿಯೊಬ್ಬಳೊಂದಿಗೆ ಎಲ್ ಪಾಲ್ಮಾರ್ ಹಳ್ಳಿಯಲ್ಲಿ ಉಂಡ ಊಟದಲ್ಲಿ ನನಗೆ ಇದು ಸ್ಪಷ್ಟವಾಯಿತು. ನಗರದಿಂದ ದಕ್ಷಿಣಕ್ಕೆ, ಅಲ್ಬುಫೇರಾ ಸರೋವರಕ್ಕೂ ಗದ್ದೆಗಳಿಗೂ ನಡುವೆ ಇರುವ ಊರು ಅದು. ಬ್ಲಾಸ್ಕೊ ಇಬಾನ್ಯೆಸ್ 1902ರಲ್ಲಿ ಪ್ರಕಟಿಸಿದ ‘ಕಾನ್ಯಾಸ್ ಇ ಬಾರ್ರೊ’ ಕಾದಂಬರಿ ನಡೆಯುವುದು ಅಲ್ಲೇ. ಗೆಳತಿ ಮಂಡ್ಯ ಕಡೆಯವಳು, ನಾಲೆ ನೀರಿನ ಗದ್ದೆ ನೋಡುತ್ತ ಬೆಳೆದವಳು. ದಾರಿಯುದ್ದಕ್ಕೂ ಅವಳು ನೋಡುತ್ತಿದ್ದದ್ದು ತೂಬುಗಳನ್ನು, ನೀರು ಯಾವ ಮಡಿಯಿಂದ ಯಾವ ಮಡಿಗೆ ಇಳಿಯುತ್ತದೆ ಎಂಬುದನ್ನು. ಅನ್ನ ಏನು ಬೇಕೆಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಬೇಕಿತ್ತು. ಅಲ್ಲೇ ಮೊದಲ ಚರ್ಚೆ. ಬಸವನಹುಳು ಹಾಕಬೇಕೋ ಬೇಡವೋ ಎಂದು ಕೇಳಿದರು. ನನಗೆ ಬೇಕಿತ್ತು. ‘ಅದೊಂದು ಬ್ಯಾಡ ಕಣೇ, ಬೇರೆ ಏನಾರ ಹಾಕಿಸ್ಕೊ’ ಎಂದಳು. ಬಿಟ್ಟುಕೊಟ್ಟೆ. ಒಂದೇ ಬಾಣಲೆ ಎಂದರೆ ಊಟಕ್ಕೆ ಮೊದಲೇ ಒಪ್ಪಂದಕ್ಕೆ ಬರಬೇಕು. ಅವರವರ ತಟ್ಟೆ ಅವರವರಿಗೆ ಎನ್ನುವ ರೆಸ್ಟೋರೆಂಟು ಊಟದಲ್ಲಿ ಈ ಮಾತುಕತೆಗೆ ಜಾಗವೇ ಇಲ್ಲ. ಎದುರು ಕೂತವರು ಏನು ತಿನ್ನಲಾರರು ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಊಟಕ್ಕೆ ಎರಡೂವರೆಗೆ ಕೂತೆವು. ಸ್ಪೇನಿನವರು ಹೊತ್ತು ಮೀರಿ ಉಣ್ಣುತ್ತಾರೆ ಎನ್ನುವುದು ಇನ್ನೊಂದು ಸವಕಲು ಮಾತು. 1940ರಲ್ಲಿ ಫ್ರಾಂಕೋ ಸರ್ಕಾರ ದೇಶದ ಗಡಿಯಾರವನ್ನು ಮಧ್ಯ ಯುರೋಪಿನ ಹೊತ್ತಿಗೆ ಹೊಂದಿಸಿತು, ಅದು ಇವತ್ತಿಗೂ ಹಾಗೇ ಇದೆ. ವಲೆನ್ಸಿಯಾ ಇರುವುದು ಹೆಚ್ಚುಕಡಿಮೆ ಗ್ರೀನಿಚ್ ರೇಖೆಯ ಮೇಲೆ. ಬೇಸಿಗೆಯಲ್ಲಿ ಅಲ್ಲಿ ಸೂರ್ಯ ನೆತ್ತಿಗೆ ಬರುವುದೇ ಗಡಿಯಾರದ ಎರಡು ಗಂಟೆಯ ಸುಮಾರಿಗೆ. ಅಂದರೆ ಅವರು ಉಣ್ಣುವುದು ಸರಿಯಾದ ಮಧ್ಯಾಹ್ನದಲ್ಲೇ. ಅನ್ನವನ್ನು ಅವರು ರಾತ್ರಿಗೆ ಇಟ್ಟುಕೊಳ್ಳುವುದಿಲ್ಲ. ಅದು ಹಗಲಿನ ಊಟ, ಉಂಡ ಮೇಲೆ ಎದ್ದು ಹೋಗುವ ಅವಸರವಿಲ್ಲದವರ ಊಟ. ಸುಟ್ಟು ಸಿಪ್ಪೆ ತೆಗೆದ ಕೆಂಪು ದಪ್ಪಮೆಣಸಿನಕಾಯಿಯನ್ನೂ ಉಪ್ಪಿನಲ್ಲಿಟ್ಟ ಕಾಡ್ ಮೀನನ್ನೂ ಎಳೆಯೆಳೆಯಾಗಿ ಸೀಳಿ ಎಣ್ಣೆ ಬೆರೆಸಿದ ಎಸ್ಗರ್ರಾಯೆತ್ ಮೊದಲು ಬಂತು. ಚೆನ್ನಾಗಿತ್ತು.

ಬಾಣಲೆ ಬಂದಾಗ ಗೆಳತಿ ಅದನ್ನು ನೋಡಿ ಅಂದದ್ದು: ‘ಇದೇನೆ, ಅನ್ನನ ರೊಟ್ಟಿ ತಟ್ಟಿದಂಗೆ ತಟ್ಟವ್ರೆ?’ ಅಕ್ಕಿಯ ಊರಿನವಳ ಕಣ್ಣು ಒಂದೇ ನೋಟಕ್ಕೆ ಹಿಡಿದದ್ದು ತೆಳುವನ್ನೇ. ಪದಾರ್ಥಗಳ ಪಟ್ಟಿಯನ್ನು ಅವಳು ಕೇಳಲೇ ಇಲ್ಲ. ಬಡಿಸುವವರು ತಟ್ಟೆಗೆ ಹಾಕಿಕೊಡಲು ಮುಂದಾದರು. ಬೇಡ, ಬಾಣಲೆಯಲ್ಲೇ ಉಣ್ಣುತ್ತೇವೆ ಎಂದೆವು. ಮರದ ಚಮಚಗಳು ಬಂದವು.

ಬಾಣಲೆಯಿಂದಲೇ ಉಣ್ಣುವುದಕ್ಕೆ ಒಂದು ಕ್ರಮ ಇದೆ. ಪ್ರತಿಯೊಬ್ಬರೂ ತಮ್ಮ ಎದುರಿನ ಅಂಚಿನಿಂದ ಶುರುಮಾಡಿ ನಡುವಿನ ಕಡೆಗೆ ಉಣ್ಣುತ್ತ ಹೋಗಬೇಕು. ಅಂಚಿನಲ್ಲಿ ಅಗಲ, ನಡುವಿನಲ್ಲಿ ಚೂಪಾಗುವ ಒಂದು ಪಾಲು ಅವರದು. ಗೆರೆ ಯಾರೂ ಎಳೆದಿರುವುದಿಲ್ಲ, ಆದರೆ ಪಕ್ಕದವರ ಪಾಲಿಗೆ ಚಮಚ ಹೋಗುವಂತಿಲ್ಲ. ತನಗೆ ಬೇಡದ ತುಂಡನ್ನು ನಡುವಿಗೆ ಸರಿಸಿಡಬಹುದು. ನಡು ಯಾರ ಪಾಲೂ ಅಲ್ಲ, ಬೇಕಾದವರು ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಎಂಜಲಿನ ಎಚ್ಚರದಲ್ಲಿ ಬೆಳೆದ ನಮ್ಮಂಥವರಿಗೆ ಒಂದೇ ಪಾತ್ರೆಯ ಊಟ ಸಲೀಸಲ್ಲ. ‘ನಮ್ಮಜ್ಜಿ ನೋಡಿದ್ರೆ ಎದ್ದು ಹೋಗೋರು’ ಎಂದಳು ಗೆಳತಿ. ಆದರೆ ಕ್ರಮವನ್ನು ಗಮನಿಸಿದರೆ, ನನ್ನ ಚಮಚ ನನ್ನ ಪಾಲಿಗೂ ನನ್ನ ಬಾಯಿಗೂ ಮಧ್ಯೆ ಓಡಾಡುತ್ತದೆಯೇ ಹೊರತು ಅವಳ ಪಾಲನ್ನು ಮುಟ್ಟುವುದೇ ಇಲ್ಲ. ನಮ್ಮ ಅಜ್ಜಿಯಂದಿರು ಯಾವುದಕ್ಕೆ ಹೆದರುತ್ತಿದ್ದರೋ ಅದನ್ನು ಈ ಊಟದ ಜ್ಯಾಮಿತಿ ಬಹಳ ಹಿಂದೆಯೇ ಯೋಚಿಸಿ ಬಗೆಹರಿಸಿದೆ. ಅನ್ನ ತೆಳ್ಳಗೆ ಹರಡಿರುವುದರಿಂದಲೇ ಇದು ಸಾಧ್ಯ. ಗುಡ್ಡೆ ಹಾಕಿದ ಅನ್ನದಲ್ಲಿ ಒಬ್ಬರು ಕೆಳಗೆ ಅಗೆದರೆ ಇನ್ನೊಬ್ಬರದು ಕುಸಿಯುತ್ತದೆ.

ಗರ್ರೊಫೋ ಕಾಳುಗಳು ಬಹುಪಾಲು ಅವಳ ಕಡೆ ಬಿದ್ದಿದ್ದವು. ನಾನು ಕೇಳಲಿಲ್ಲ. ಅವಳು ಹೇಳದೆ ಆರೇಳು ಕಾಳು ನಡುವಿಗೆ ಸರಿಸಿಟ್ಟಳು. ನನ್ನ ಪಾಲಿನಲ್ಲಿದ್ದ ಮೊಲದ ಒಂದು ಒಳ್ಳೆಯ ತುಂಡನ್ನು ನಾನೂ ನಡುವಿಗಿಟ್ಟೆ. ಊಟದುದ್ದಕ್ಕೂ ಇದು ನಡೆಯಿತು. ಪಾಯೆಯಾವನ್ನು ‘ಹಂಚಿಕೊಂಡು ತಿನ್ನುವ ಊಟ’ ಎಂದು ಭಾವುಕವಾಗಿ ಹೊಗಳುವವರು ಇಲ್ಲಿ ಎಡವುತ್ತಾರೆ. ಹಂಚಿಕೆ ಇಲ್ಲಿ ಬೆರೆಸಿಬಿಡುವುದಲ್ಲ. ಮೊದಲು ನಿನ್ನದು ನಿನ್ನದು, ನನ್ನದು ನನ್ನದು ಎಂಬುದು ಗಟ್ಟಿಯಾಗಿ ಇರಬೇಕು. ಆಗಷ್ಟೇ ನಡುವಿಗೆ ಸರಿಸಿದ ಕಾಳಿಗೆ ಕೊಡುಗೆಯ ತೂಕ ಬರುತ್ತದೆ. ಎಲ್ಲ ಕಡೆ ರುಚಿ ಒಂದೇ ಆಗಿದ್ದಿದ್ದರೆ ಕೊಡುವುದಕ್ಕೆ ಏನೂ ಇರುತ್ತಿರಲಿಲ್ಲ. ತಿರುವದ ಅನ್ನ, ತೆಳು ಹರವು, ಬೇರೆಬೇರೆ ರುಚಿಯ ಪಾಲು, ನಡುವಿನ ಬಯಲು, ಎದುರಿಗೆ ಇನ್ನೊಬ್ಬರು. ಇವುಗಳಲ್ಲಿ ಕೊನೆಯದನ್ನು ತೆಗೆದುಹಾಕಿದರೆ ಮಿಕ್ಕ ನಾಲ್ಕಕ್ಕೂ ಕೆಲಸವಿಲ್ಲ. ಮೆನುವಿನ ಆ ಸಾಲು ಹೇಳುತ್ತಿರುವುದು ಇದನ್ನೇ.

ಇಷ್ಟು ಹೇಳಿದ ಮೇಲೆ ಪದಾರ್ಥ ನಿಷ್ಠರ ವಿಷಯಕ್ಕೆ ಬರಲೇಬೇಕು. 2016ರಲ್ಲಿ ಬ್ರಿಟನ್ನಿನ ಬಾಣಸಿಗ ಜೇಮಿ ಆಲಿವರ್ ಚೊರಿಜೊ ಸಾಸೇಜು ಹಾಕಿದ ಪಾಯೆಯಾವನ್ನು ಟ್ವಿಟರಿನಲ್ಲಿ ಹಂಚಿಕೊಂಡಾಗ ಸ್ಪೇನಿನಿಂದ ಬಂದ ಬೈಗುಳದ ಮಳೆ ಎಲ್ಲರಿಗೂ ನೆನಪಿದೆ. ಅಂದಿನಿಂದ ಪಾಯೆಯಾದ ಬಗೆಗಿನ ಎಲ್ಲ ಚರ್ಚೆಯೂ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದೆ: ಇದು ಹಾಕಬಹುದೇ, ಅದು ಹಾಕಬಹುದೇ? ಕೋಳಿ, ಮೊಲ, ಹುರುಳಿಕಾಯಿ, ಗರ್ರೊಫೋ, ಟೊಮ್ಯಾಟೊ, ಅಕ್ಕಿ, ಎಣ್ಣೆ, ನೀರು, ಕೇಸರಿ, ಉಪ್ಪು ಎಂಬ ಹತ್ತರ ಪಟ್ಟಿಯನ್ನು ಕಂಠಪಾಠ ಮಾಡಿಕೊಂಡು ತೀರ್ಪು ಕೊಡುವ ವಿಮರ್ಶಕರು ಹುಟ್ಟಿಕೊಂಡಿದ್ದಾರೆ. ಇವರ ಎದುರಾಳಿಗಳು, ಅಡುಗೆ ಎಂದರೆ ಬದಲಾಗುತ್ತ ಹೋಗುವುದು, ಯಾರು ಏನು ಬೇಕಾದರೂ ಹಾಕಲಿ ಎನ್ನುವವರು. ಎರಡೂ ಪಕ್ಷಗಳು ಒಂದೇ ತಪ್ಪನ್ನು ಹಂಚಿಕೊಂಡಿವೆ. ಇಬ್ಬರಿಗೂ ಪಾಯೆಯಾ ಎಂದರೆ ಅದರೊಳಗೆ ಏನಿದೆ ಎಂಬುದು. ಅದು ಹೇಗೆ ನಿಂತಿದೆ ಎಂಬುದು ಇಬ್ಬರಿಗೂ ಬೇಕಿಲ್ಲ.

ಪಟ್ಟಿಯ ಹತ್ತನ್ನೂ ಚಾಚೂ ತಪ್ಪದೆ ಹಾಕಿ, ಮೂರು ಬೆರಳು ದಪ್ಪಕ್ಕೆ ಅಕ್ಕಿ ಸುರಿದು, ತಿರುವಿ, ಮುಚ್ಚಳ ಹಾಕಿ ಬೇಯಿಸಿದ ಅನ್ನ ನನ್ನ ಮಟ್ಟಿಗೆ ಪಾಯೆಯಾ ಅಲ್ಲ. ಪಟ್ಟಿಯ ಪ್ರಕಾರ ಅದಕ್ಕೆ ಪೂರ್ತಿ ಅಂಕ. ಇನ್ನು ಪಟ್ಟಿಯ ಚರಿತ್ರೆಗೆ ಬಂದರೆ, ಅಲ್ಬುಫೇರಾದ ಬಡವರು ಕೈಗೆ ಸಿಕ್ಕಿದ್ದನ್ನು ಹಾಕಿದವರು: ಹಾವುಮೀನು, ಬಾತುಕೋಳಿ, ಬಸವನಹುಳು, ಗದ್ದೆಯ ನೀರಿಲಿ ಕೂಡ. ಚಳಿಗಾಲದಲ್ಲಿ ಪಲ್ಲೆಹೂವು ಬೀಳುತ್ತಿತ್ತು, ಈಗಲೂ ಬೀಳುತ್ತದೆ. ಸುಯೇಕಾ ಊರಿನಲ್ಲಿ 1961ರಿಂದ ನಡೆದು ಬಂದಿರುವ ಪಾಯೆಯಾ ಸ್ಪರ್ಧೆಯ ನಿಗದಿತ ಪಾಕದಲ್ಲೇ ಬಸವನಹುಳು ಇದೆ, ಆ ಹತ್ತರಲ್ಲಿ ಇಲ್ಲ. ಯಾವ ಪಟ್ಟಿಗೆ ನಿಷ್ಠರಾಗಿರಬೇಕು?

ಹಾಗಾದರೆ ಚೊರಿಜೊ ಹಾಕಬಹುದೇ? ಹಾಕಬಾರದು. ಆದರೆ ಪಟ್ಟಿಯಲ್ಲಿಲ್ಲ ಎಂಬ ಕಾರಣಕ್ಕಲ್ಲ. ಚೊರಿಜೊ ಕಾದ ಕೂಡಲೇ ಕೆಂಪು ಕೊಬ್ಬನ್ನು ಧಾರಾಳವಾಗಿ ಬಿಡುತ್ತದೆ. ಹೊಗೆ, ಬೆಳ್ಳುಳ್ಳಿ, ಮೆಣಸಿನ ಪುಡಿಯ ಆ ಕೊಬ್ಬು ಸಾರಿನಲ್ಲಿ ಬೆರೆತು ಬಾಣಲೆಯ ಮೂಲೆಮೂಲೆಗೂ ಒಂದೇ ರುಚಿ ಬಳಿದುಬಿಡುತ್ತದೆ. ಮೊಲದ ಸುತ್ತಲಿನ ಅನ್ನಕ್ಕೂ ಕಾಳಿನ ಸುತ್ತಲಿನ ಅನ್ನಕ್ಕೂ ಇದ್ದ ಭೇದ ಅಳಿಸಿಹೋಗುತ್ತದೆ. ತಿರುವದೆ ಬಿಟ್ಟಿದ್ದರ ಫಲವೇ ಇಲ್ಲವಾಗುತ್ತದೆ. ಆಕ್ಷೇಪಣೆ ರೂಪದ ಕಡೆಯಿಂದ ಬರಬೇಕು. ಆಗ ಅದು ಬೈಗುಳವಾಗದೆ ವಿಮರ್ಶೆಯಾಗುತ್ತದೆ. ಇದೇ ಅಳತೆಗೋಲು ಹಿಡಿದರೆ ಪಲ್ಲೆಹೂವು, ಬಾತುಕೋಳಿ ಗೆಲ್ಲುತ್ತವೆ, ಹೂಕೋಸೂ ಗೆಲ್ಲುತ್ತದೆ. ಮಾಂಸವಿಲ್ಲದ ತರಕಾರಿ ಅನ್ನಗಳು ವಲೆನ್ಸಿಯಾದಲ್ಲಿ ಹಿಂದಿನಿಂದಲೂ ಇವೆ. ಹುರಿದು ಕೆಂಪಗಾದ ಪಲ್ಲೆಹೂವಿನ ಪಾಯೆಯಾವನ್ನು ‘ಬರೀ ಅನ್ನ’ ಎಂದು ಹಂಗಿಸುವ ನಿಷ್ಠರಿಗೆ ನಾಲಗೆಗಿಂತ ಪಟ್ಟಿಯ ಮೇಲೆ ನಂಬಿಕೆ ಹೆಚ್ಚು. ಸಸ್ಯಾಹಾರಿ ಕನ್ನಡಿಗರು ಅಲ್ಲಿಗೆ ಹೋದರೆ ಸಂಕೋಚವಿಲ್ಲದೆ ಅದನ್ನು ಕೇಳಲಿ.

ವಲೆನ್ಸಿಯಾ ಪ್ರಾಂತ ಸರ್ಕಾರಕ್ಕೆ ಈ ವಿಮರ್ಶಕರಿಗಿಂತ ಹೆಚ್ಚು ತಿಳಿವಳಿಕೆ ಇದೆ ಎಂದು ಹೇಳಬೇಕಾಗಿ ಬಂದಿದೆ. 2021ರಲ್ಲಿ ಅದು ಪಾಯೆಯಾವನ್ನು ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿದಾಗ ಕೊಟ್ಟ ಹೆಸರಿನಲ್ಲಿ ಕೂಡಿಸುವ ಮತ್ತು ಹಂಚಿಕೊಳ್ಳುವ ಕಲೆ ಎಂಬ ಮಾತಿದೆ. ಹಂಚಿಕೆಯ ಬಗ್ಗೆ ನನ್ನ ತಿದ್ದುಪಡಿಯನ್ನು ಮೇಲೆ ಹೇಳಿದ್ದೇನೆ. ಆದರೂ ಅದು ಮಾಂಸದ ಕಡೆಗಲ್ಲದೆ ಊಟದ ಸುತ್ತ ಕೂತವರ ಕಡೆಗೆ ಕೈ ತೋರಿಸಿತಲ್ಲ, ಅದು ಸರಿಯಾದ ದಿಕ್ಕು.

ಈ ರೂಪಕ್ಕೆ ಒಂದು ದೊಡ್ಡ ಮಿತಿ ಇದೆ. ಒಂಟಿಯಾಗಿ ಉಣ್ಣುವವರನ್ನು ಅದು ಹೊರಗಿಡುತ್ತದೆ. ಕೆಲಸದ ಊರಿನಲ್ಲಿ ಒಬ್ಬರೇ ಇರುವವರು, ಸಂಗಾತಿ ಕಳೆದುಕೊಂಡ ಹಿರಿಯರು, ಒಬ್ಬಳೇ ಪ್ರಯಾಣ ಮಾಡುವ ಹೆಂಗಸು ಮೆನು ನೋಡಿ ಮುಂದಿನ ಪುಟಕ್ಕೆ ಹೋಗಬೇಕು. ಅವರಿಗಿರುವ ಒಂದು ದಾರಿ ಗುರುವಾರದ ಊಟ. 1960ರ ದಶಕದಲ್ಲಿ ಫ್ರಾಂಕೋ ಸರ್ಕಾರ ಪ್ರವಾಸಿಗರನ್ನು ಸೆಳೆಯಲು ರೆಸ್ಟೋರೆಂಟುಗಳ ಮೇಲೆ ಹೇರಿದ ನಿಗದಿತ ದರದ ಊಟ ಕಾಲಕ್ರಮದಲ್ಲಿ ಕಚೇರಿ, ಕಾರ್ಖಾನೆಯವರ ನಿತ್ಯದ ಊಟವಾಯಿತು. ದೇಶದ ಬಹಳ ಕಡೆ ಗುರುವಾರ ಅದರಲ್ಲಿ ಪಾಯೆಯಾ ಇರುತ್ತದೆ. ದೊಡ್ಡ ಬಾಣಲೆಯಲ್ಲಿ ಮಾಡಿ, ತಟ್ಟೆಗೆ ಹಾಕಿ, ಒಬ್ಬೊಬ್ಬರ ಮುಂದೆ ಇಡುತ್ತಾರೆ. ಅನ್ನ ದಪ್ಪ, ಕಾದು ಕಾದು ಮೆತ್ತಗಾಗಿರುತ್ತದೆ, ಹುರಿದ ಪದರ ಯಾರ ಪಾಲಿಗೋ ಹೋಗಿರುತ್ತದೆ. ಹೊಟ್ಟೆ ತುಂಬುತ್ತದೆ, ಬೆಲೆ ನ್ಯಾಯವಾಗಿರುತ್ತದೆ. ಆ ಊಟವನ್ನು ಹೀಯಾಳಿಸುವವರ ಜೊತೆ ನಾನಿಲ್ಲ; ಆದರೆ ಅದನ್ನು ಪಾಯೆಯಾದ ಅಳತೆಯಲ್ಲಿ ಅಳೆಯಲೂಬಾರದು.

ಈಚೆಗೆ ಒಬ್ಬರಿಗೆಂದೇ ಪುಟ್ಟ ಬಾಣಲೆಯಲ್ಲಿ ಮಾಡಿಕೊಡುವವರೂ ಇದ್ದಾರೆ. ಅಂಥದ್ದನ್ನೂ ಉಂಡಿದ್ದೇನೆ. ಅಕ್ಕಿಯ ಹದ ಚೆನ್ನಾಗಿತ್ತು, ಹುರಿದ ಪದರವೂ ಇತ್ತು. ಅಂಚಿನಿಂದ ಶುರುಮಾಡಿದೆ, ನಾಲ್ಕೇ ಚಮಚಕ್ಕೆ ನಡು ಬಂತು, ಅದೂ ನನ್ನದೇ ಆಗಿತ್ತು. ಕಾಳುಗಳೆಲ್ಲ ನನಗೇ ಇದ್ದವು. ಅದನ್ನು ಒಳ್ಳೆಯ ಅನ್ನ ಎಂದು ಕರೆಯುತ್ತೇನೆ, ಅಲ್ಲಿಗೆ ನಿಲ್ಲಿಸುತ್ತೇನೆ.